ಗಿಡಮೂಲಿಕೆಯೂ ತಕ್ಕಡಿಯೂ

ಆಡು ಮುಟ್ಟದ ಸೊಪ್ಪಿಲ್ಲ ಎಂಬುದು ನಮ್ಮ ಹಳೆಯ ಗಾದೆ. ಈ ಗಾದೆಯನ್ನು ಕಟ್ಟಿದವನು ಆಡುಸೋಗೆಯ ಬೇಲಿಯನ್ನು ನೋಡಿರಲಿಲ್ಲವೆಂದು ತೋರುತ್ತದೆ. ಹಳ್ಳಿಗಳಲ್ಲಿ ಹಿತ್ತಿಲಿನ ಅಂಚಿಗೂ ತೋಟದ ಸುತ್ತಲೂ ಈ ಗಿಡವನ್ನು ನೆಡುವುದುಂಟು. ದನವಾಗಲಿ ಆಡಾಗಲಿ ಅದಕ್ಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಅಷ್ಟು ಕಹಿ ಅದರ ಎಲೆ. ಆದರೆ ಮನೆಯಲ್ಲಿ ಮಗುವಿಗೆ ಕೆಮ್ಮು ಬಂದಾಗ ಅಜ್ಜಿ ಹುಡುಕಿಕೊಂಡು ಹೋಗುವುದು ಅದೇ ಬೇಲಿಯ ಬಳಿಗೆ. ಎಲೆಯನ್ನು ಬಾಡಿಸಿ, ರಸ ಹಿಂಡಿ, ಜೇನುತುಪ್ಪದಲ್ಲಿ ಕಲಸಿ ಮೊಮ್ಮಗನಿಗೆ ನೆಕ್ಕಿಸುತ್ತಾಳೆ. ಆಡು ಬೇಡವೆಂದು ಬಿಟ್ಟದ್ದು ಅಜ್ಜಿಗೆ ಬೇಕಾಯಿತೇಕೆ?

ಆ ಎಲೆಯಲ್ಲಿ ವಾಸಿಸಿನ್ ಎಂಬ ವಸ್ತುವಿದೆ. ಉಸಿರುನಾಳಗಳ ಮೇಲೆ ಅದರ ಪ್ರಭಾವ ಉಂಟು. ರಸಾಯನಶಾಸ್ತ್ರಜ್ಞರು ಇದನ್ನೇ ಮಾದರಿಯಾಗಿಟ್ಟುಕೊಂಡು ಬ್ರೋಂಹೆಕ್ಸಿನ್ ಎಂಬ ಔಷಧವನ್ನು ರೂಪಿಸಿದರು. ಕಫವನ್ನು ತೆಳುವಾಗಿಸುವ ಎಷ್ಟೋ ಕೆಮ್ಮಿನ ಔಷಧಗಳಲ್ಲಿ ಅದು ಸೇರಿರುತ್ತದೆ. ಅಜ್ಜಿಯ ಅನುಭವಕ್ಕೆ ಆಧಾರವಿತ್ತೆಂಬುದು ಹೀಗೆ ಸ್ಥಿರಪಟ್ಟಿತು. ಆದರೆ ಇದೇ ವಾಸಿಸಿನ್ ಗರ್ಭಕೋಶವನ್ನು ಸಂಕುಚಿಸುವ ಗುಣವುಳ್ಳದ್ದೆಂಬುದೂ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದುದರಿಂದ ಗರ್ಭಿಣಿಯರು ಆಡುಸೋಗೆಯ ಕಷಾಯವನ್ನು ಕುಡಿಯಬಾರದೆಂದು ವೈದ್ಯರು ಎಚ್ಚರಿಸುತ್ತಾರೆ. ಮಗುವಿನ ಕೆಮ್ಮಿಗೆ ಒಳಿತನ್ನು ಮಾಡಿದ ಎಲೆಯೇ ಬಸುರಿ ಸೊಸೆಗೆ ಕೆಡುಕನ್ನು ಮಾಡಬಲ್ಲುದು.

ಇಂತಹ ವಸ್ತುಗಳಿಗೆ ಆಲ್ಕಲಾಯ್ಡ್ ಎಂದು ಹೆಸರು. ಕ್ಷಾರದಂತೆ ವರ್ತಿಸುವುದು ಎಂಬ ಅರ್ಥದಲ್ಲಿ ಕನ್ನಡದಲ್ಲಿ ಇವನ್ನು ಕ್ಷಾರಾಭಗಳೆನ್ನಬಹುದು. ಇವುಗಳ ರಚನೆಯಲ್ಲಿ ಸಾರಜನಕವಿರುತ್ತದೆ. ಆಮ್ಲದೊಡನೆ ಕೂಡಿ ಇವು ಲವಣಗಳಾಗುತ್ತವೆ. ಬಹುಮಟ್ಟಿಗೆ ಎಲ್ಲವೂ ಕಹಿ. ಗಿಡವು ಇವನ್ನು ನಮ್ಮ ಕೆಮ್ಮಿಗಾಗಿ ತಯಾರಿಸಿಕೊಂಡದ್ದಲ್ಲ. ಬೇರೂರಿ ನಿಂತ ಜೀವಕ್ಕೆ ಓಡಿಹೋಗಲು ಕಾಲಿಲ್ಲ, ಇರಿಯಲು ಕೊಂಬಿಲ್ಲ. ಹುಳುವನ್ನೂ ಮೇಯುವ ಪ್ರಾಣಿಯನ್ನೂ ದೂರವಿಡಲು ಅದಕ್ಕೆ ಒದಗಿದ ಆಯುಧಗಳಲ್ಲಿ ಕ್ಷಾರಾಭವೂ ಒಂದು. ಹೊಗೆಸೊಪ್ಪಿನ ಕಷಾಯವನ್ನು ಹುಳು ಬಿದ್ದ ಬೆಳೆಗೆ ಸಿಂಪಡಿಸುವ ರೈತನು ಗಿಡದ ಆಯುಧವನ್ನು ಕಡ ತಂದು ಬಳಸುತ್ತಾನೆ. ಆ ಆಯುಧದ ಹೆಸರು ನಿಕೋಟಿನ್. ಬೆಳಗಿನ ಕಾಫಿಯಲ್ಲಿರುವ ಕೆಫೀನ್, ಸಾರಿನ ಮೆಣಸಿನಲ್ಲಿರುವ ಪಿಪರಿನ್, ಇವೂ ಅದೇ ಕುಲಕ್ಕೆ ಸೇರಿದವು. ಕ್ಷಾರಾಭದ ಹೆಸರನ್ನೇ ಕೇಳದವರೂ ಅದನ್ನು ದಿನವೂ ಸೇವಿಸುತ್ತಿರುತ್ತಾರೆ.

19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ತರುಣ ಔಷಧ ತಯಾರಕನು ಅಫೀಮಿನಿಂದ ಮಾರ್ಫಿನ್ ಅನ್ನು ಬೇರ್ಪಡಿಸಿದನು. ಫ್ರಾನ್ಸಿನ ಪೆಲೆಟಿಯೆ ಮತ್ತು ಕಾವೆಂಟು ಎಂಬ ಇಬ್ಬರು 1818ರಲ್ಲಿ ಸ್ಟ್ರಿಕ್ನಿನ್ ಅನ್ನೂ 1820ರಲ್ಲಿ ಸಿಂಕೋನ ಮರದ ತೊಗಟೆಯಿಂದ ಕ್ವಿನೀನನ್ನೂ ಹೊರತೆಗೆದರು. ಈ ಕೆಲಸದ ದೊಡ್ಡ ಲಾಭವೆಂದರೆ ಔಷಧಕ್ಕೆ ತೂಕ ಬಂದದ್ದು. ತೊಗಟೆಯ ಪುಡಿಯಲ್ಲಿ ಒಂದು ಮರದ್ದು ತೀಕ್ಷ್ಣ, ಇನ್ನೊಂದು ಮರದ್ದು ಸಪ್ಪೆ. ರೋಗಿಯ ಹೊಟ್ಟೆಗೆ ಎಷ್ಟು ಸೇರಿತೆಂದು ಹೇಳುವವರಿಲ್ಲ. ಕ್ವಿನೀನನ್ನು ತೂಗಿ ಕೊಡಬಹುದು. ನೀಲಗಿರಿಯ ತಪ್ಪಲಿನಲ್ಲಿ 1860ರ ಸುಮಾರಿಗೆ ಸಿಂಕೋನ ತೋಟಗಳು ತಲೆಯೆತ್ತಿದುದು, ಮಲೆನಾಡಿನ ಚಳಿಜ್ವರದ ಕಾಲದಲ್ಲಿ ಕ್ವಿನೀನು ಮನೆಮಾತಾದುದು, ಎಲ್ಲವೂ ಈ ತೂಕದ ಫಲ.

ಇಷ್ಟನ್ನು ಹೇಳಿದ ಮೇಲೆ ನನ್ನ ತಕರಾರಿಗೆ ಬರುತ್ತೇನೆ. ನಮ್ಮ ಜನರಲ್ಲಿ ಒಂದು ಮಾತು ಬಹಳವಾಗಿ ಹಬ್ಬಿದೆ. ಗಿಡಮೂಲಿಕೆಯಿಂದ ಗುಣವಾದರೆ ಆಯಿತು, ಆಗದಿದ್ದರೂ ದೋಷವಿಲ್ಲ ಎಂಬುದು ಆ ಮಾತು. ಅಂಗಡಿಯ ಡಬ್ಬಿಗಳ ಮೇಲೆ, ಜಾಹೀರಾತುಗಳಲ್ಲಿ, ಮದುವೆಮನೆಯ ಹರಟೆಯಲ್ಲಿ ಇದನ್ನು ನೀವೂ ಕೇಳಿರಬಹುದು. ಕೇಳುವುದಕ್ಕೆ ಇದು ಮೂಲಿಕೆಗೆ ಸಲ್ಲಿಸುವ ಗೌರವದಂತೆ ಇದೆ. ನನಗಾದರೋ ಇದು ಮೂಲಿಕೆಗೆ ಮಾಡುವ ಅವಮಾನವೆಂದೇ ತೋರುತ್ತದೆ. ರೋಗವನ್ನು ಬಗ್ಗಿಸುವ ಶಕ್ತಿಯುಳ್ಳ ವಸ್ತುವಿಗೆ ದೇಹವನ್ನು ಬಗ್ಗಿಸುವ ಶಕ್ತಿಯೂ ಇರಲೇಬೇಕು. ಏನು ಮಾಡಿದರೂ ದೋಷವಿಲ್ಲದ್ದು ನೀರಿನಂತೆ. ಅದಕ್ಕೆ ಔಷಧವೆಂಬ ಹೆಸರೇಕೆ?

ಸರ್ಪಗಂಧಿಯ ಕಥೆಯನ್ನು ನೋಡಿ. ಕಾಡಿನ ನೆರಳಿನಲ್ಲಿ ಬೆಳೆಯುವ, ಮಂಡಿಯೆತ್ತರದ ಸಾಧಾರಣ ಗಿಡ ಇದು. ಹಾವಿನೊಡನೆ ಹೋರಾಡುವ ಮುಂಗುಸಿ ಇದರ ಸೊಪ್ಪನ್ನು ತಿಂದು ಬರುತ್ತದೆಂದು ಜನರು ನಂಬಿದ್ದರು. ಆ ಮಾತಿಗೆ ಆಧಾರವಿಲ್ಲ. ಆದರೆ ಬಿಹಾರದ ಕಡೆಯಲ್ಲಿ ಇದರ ಬೇರಿಗೆ ಹುಚ್ಚಿನ ಮದ್ದೆಂದು ಹೆಸರಿತ್ತು. ಆ ಮಾತಿಗೆ ಆಧಾರವಿತ್ತು. ಒಂದೇ ಜನ, ಒಂದೇ ಗಿಡ, ಎರಡು ನಂಬಿಕೆ. ಯಾವುದು ಕಾಳು, ಯಾವುದು ಜೊಳ್ಳು ಎಂಬುದನ್ನು ಕೇರಿ ನೋಡದೆ ತಿಳಿಯುವ ಬಗೆ ಯಾವುದು?

ಕೇರುವ ಕೆಲಸ ನಮ್ಮ ದೇಶದಲ್ಲಿಯೇ ಆರಂಭವಾಯಿತೆಂಬುದು ಹೆಮ್ಮೆಯ ಸಂಗತಿ. ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರೂ ಅವರ ಸಹೋದ್ಯೋಗಿಯೂ ಕೂಡಿ 1931ರಲ್ಲಿ ಈ ಬೇರಿನಿಂದ ಹಲವು ಕ್ಷಾರಾಭಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಒಂದಕ್ಕೆ, ಆ ವಿದ್ಯಾಸಂಸ್ಥೆಯನ್ನು ಕಟ್ಟಿದ ಹಕೀಮ್ ಅಜ್ಮಲ್ ಖಾನರ ನೆನಪಿಗಾಗಿ, ಅಜ್ಮಲಿನ್ ಎಂದು ಹೆಸರಿಟ್ಟರು. ಒಬ್ಬ ಹಕೀಮರ ಹೆಸರು ಹೀಗೆ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ನಿಂತಿತು. ಹೃದಯದ ಮಿಡಿತದ ಕೆಲವು ದೋಷಗಳನ್ನು ಪತ್ತೆಹಚ್ಚಲು ಹೃದ್ರೋಗ ತಜ್ಞರು ಅಜ್ಮಲಿನ್ ಅನ್ನು ಈಗಲೂ ಬಳಸುತ್ತಾರೆ. ಅದೇ 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಈ ಬೇರು ಉನ್ಮಾದವನ್ನು ತಗ್ಗಿಸುವುದರ ಜೊತೆಗೆ ರಕ್ತದೊತ್ತಡವನ್ನೂ ಇಳಿಸುತ್ತದೆಂದು ಬರೆದರು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತಮ್ ಜಾಲ್ ವಕೀಲ್ ಅವರು ತಮ್ಮ ರೋಗಿಗಳಿಗೆ ಈ ಬೇರನ್ನು ಕೊಟ್ಟು, ಒತ್ತಡವನ್ನು ಅಳೆದು ಗುರುತಿಸಿ, ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಲೇಖನವು ಜಗತ್ತಿನ ಗಮನವನ್ನು ಈ ಕಡೆಗೆ ತಿರುಗಿಸಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಸಂಶೋಧಕರು ಇದರ ಮುಖ್ಯ ಕ್ಷಾರಾಭವಾದ ರೆಸರ್ಪಿನ್ ಅನ್ನು ಬೇರ್ಪಡಿಸಿದರು.

ರೆಸರ್ಪಿನ್ ಮಾಡುವ ಕೆಲಸವೇನು? ನಮ್ಮ ನರಗಳ ತುದಿಯಲ್ಲಿ ಸಂದೇಶವನ್ನು ಒಯ್ಯುವ ರಾಸಾಯನಿಕಗಳು ಸಣ್ಣ ಸಣ್ಣ ಸಂಚಿಗಳಲ್ಲಿ ದಾಸ್ತಾನಾಗಿರುತ್ತವೆ. ರೆಸರ್ಪಿನ್ ಆ ದಾಸ್ತಾನನ್ನು ಬರಿದು ಮಾಡುತ್ತದೆ. ರಕ್ತನಾಳಗಳನ್ನು ಬಿಗಿಯುವ ಸಂದೇಶ ಕುಗ್ಗಿದಾಗ ಒತ್ತಡ ಇಳಿಯುತ್ತದೆ. ಮಿದುಳಿನಲ್ಲಿಯೂ ಹೀಗೆಯೇ ಆದಾಗ ಕೆರಳಿದ ಮನಸ್ಸು ತಣಿಯುತ್ತದೆ. ಇಷ್ಟಕ್ಕೆ ಬೇಕಾದ ಪ್ರಮಾಣ ಎಷ್ಟು ಗೊತ್ತೆ? ಸಾಮಾನ್ಯವಾದ ಒಂದು ಮಾತ್ರೆಯಲ್ಲಿದ್ದುದು 0.25 ಮಿಲಿಗ್ರಾಂ, ಎಂದರೆ ಒಂದು ಗ್ರಾಮಿನ 4000ದಲ್ಲಿ ಒಂದು ಪಾಲು. ಕಣ್ಣಿಗೆ ಅಂದಾಜು ಸಿಗದ ಈ ಪಾಲು ಮೀರಿದರೆ ತಣಿದ ಮನಸ್ಸು ಕುಸಿಯಲಾರಂಭಿಸುತ್ತದೆ. ಹೆಚ್ಚು ಪ್ರಮಾಣದಲ್ಲಿ ಇದನ್ನು ಸೇವಿಸಿದ ರೋಗಿಗಳಲ್ಲಿ ಕೆಲವರು ತೀವ್ರವಾದ ಖಿನ್ನತೆಗೆ ಒಳಗಾದರೆಂದು ವೈದ್ಯರು 1950ರ ದಶಕದಲ್ಲಿಯೇ ಬರೆದರು. ಹುಚ್ಚನ್ನು ಶಾಂತಗೊಳಿಸಿದ ಗುಣವೇ ಇಲ್ಲಿ ವಿಷಾದವಾಗಿ ಕಾಣಿಸಿಕೊಂಡಿತು. ಹೆಚ್ಚು ಅನುಕೂಲವಾದ ಬೇರೆ ಔಷಧಗಳು ಬಂದ ಮೇಲೆ ರೆಸರ್ಪಿನ್ ಹಿಂದಿನ ಸಾಲಿಗೆ ಸರಿಯಿತು. ಸೋತು ಸರಿದುದಲ್ಲ, ಮನೋರೋಗದ ಚಿಕಿತ್ಸೆಗೆ ದಾರಿ ತೆರೆದವುಗಳಲ್ಲಿ ಒಂದಾಗಿ, ಗೌರವದಿಂದಲೇ ಸರಿಯಿತು. ವಕೀಲರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂದುದು ಇದಕ್ಕೆ ಸಾಕ್ಷಿ.

ಕಾಡುಬೇರೆಂದು ಮೂಗು ಮುರಿಯುವ ವಿದ್ಯಾವಂತರಿಗೂ ಈ ಕಥೆಯಲ್ಲಿ ಪಾಠವಿದೆ. ಬಿಹಾರದ ಹಳ್ಳಿಗರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ಸಿದ್ದೀಕಿಯವರು ಆ ಬೇರನ್ನು ಅರೆಯುತ್ತಲೇ ಇರಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಅಂಗಳದ್ದೇ. ನಿತ್ಯಪುಷ್ಪವೆಂದೂ ಕಾಶಿಕಣಗಿಲೆಯೆಂದೂ ಕರೆಯುವ ಗಿಡ ನಿಮಗೆ ಗೊತ್ತು. ಗುಲಾಬಿ ಅಥವಾ ಬಿಳಿಯ ಐದೆಸಳಿನ ಹೂ ಬಿಟ್ಟು ವರ್ಷವಿಡೀ ನಗುತ್ತಿರುತ್ತದೆ. ಇದರ ತವರು ಮಡಗಾಸ್ಕರ್ ದ್ವೀಪ. ನಮ್ಮ ಬೀದಿಯ ಹಿರಿಯರೊಬ್ಬರು ಸಕ್ಕರೆ ಕಾಯಿಲೆಗೆಂದು ದಿನವೂ ಮುಂಜಾನೆ ಇದರ ಎಲೆಗಳನ್ನು ಅಗಿಯುತ್ತಾರೆ. ಬೇಡವೆಂದು ನಾನು ಹೇಳಿದಾಗ ಅವರು ನಕ್ಕರು.

“ಮೇಷ್ಟ್ರೇ, ಇದರ ಹೂವನ್ನು ದೇವರ ತಲೆಯ ಮೇಲೆ ಇಡುತ್ತೇವೆ. ಇದೇನು ಮಾತ್ರೆಯೆ, ಹೆದರುವುದಕ್ಕೆ?”

“ರಾಯರೇ, ಮಾತ್ರೆಯ ಮೇಲೆ ತೂಕ ಬರೆದಿರುತ್ತದೆ. ಎಲೆಯ ಮೇಲೆ ಬರೆದಿಲ್ಲವಲ್ಲ!” ಎಂದೆ. ನನ್ನ ಮಾತು ಅವರಿಗೆ ಹಿಡಿಸಲಿಲ್ಲ.

ಜಮೈಕಾ ದ್ವೀಪದವರೂ ಇದೇ ಸಕ್ಕರೆ ಕಾಯಿಲೆಗೆ ಈ ಎಲೆಯ ಕಷಾಯವನ್ನು ಕುಡಿಯುತ್ತಿದ್ದರು. ಅಲ್ಲಿಂದ 1952ರಲ್ಲಿ ಕೆನಡಾಕ್ಕೆ ಹೋದ ಎಲೆಗಳನ್ನು ರಾಬರ್ಟ್ ನೋಬಲ್ ಎಂಬ ವಿಜ್ಞಾನಿ ಇಲಿಗಳ ಮೇಲೆ ಪರೀಕ್ಷಿಸಿದರು. ಬಾಯಿಗೆ ಹಾಕಿದಾಗ ಇಲಿಗಳ ರಕ್ತದ ಸಕ್ಕರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಾರವನ್ನು ಚುಚ್ಚಿಕೊಟ್ಟಾಗಲಾದರೋ ಅವು ಸೋಂಕು ತಗುಲಿ ಸತ್ತವು. ನೋಡಿದರೆ ಅವುಗಳ ರಕ್ತದಲ್ಲಿ ಬಿಳಿಯ ಕಣಗಳು ಅಳಿದುಹೋಗಿದ್ದವು! ಬೇರೊಬ್ಬನಾಗಿದ್ದರೆ ಎಲೆಗಳನ್ನು ಎಸೆದು ಕೈತೊಳೆದುಕೊಳ್ಳುತ್ತಿದ್ದನೇನೋ. ನೋಬಲ್ ಮತ್ತು ಅವರ ಜೊತೆಗಾರ ಚಾರ್ಲ್ಸ್ ಬೀರ್ ಹಾಗೆ ಮಾಡಲಿಲ್ಲ. ಬಿಳಿಯ ಕಣಗಳು ಮಿತಿಮೀರಿ ಹೆಚ್ಚುವ ಕಾಯಿಲೆಯೊಂದಿದೆ. ಅದು ರಕ್ತದ ಕ್ಯಾನ್ಸರ್. ಇಲಿಯನ್ನು ಕೊಂದ ಗುಣ ಅಲ್ಲಿ ಮನುಷ್ಯನನ್ನು ಉಳಿಸಬಾರದೇಕೆ? ಅವರು ಎಲೆಯಿಂದ ವಿನ್‌ಬ್ಲಾಸ್ಟಿನ್ ಅನ್ನು ಬೇರ್ಪಡಿಸಿದರು. ಅಮೆರಿಕದ ಸಂಶೋಧಕರು ಅದೇ ಗಿಡದಿಂದ ಪಡೆದ ವಿನ್‌ಕ್ರಿಸ್ಟಿನ್ 1963ರಲ್ಲಿ ಬಳಕೆಗೆ ಅನುಮತಿ ಪಡೆಯಿತು. ಜೀವಕೋಶವು ಎರಡಾಗುವಾಗ ಅದರೊಳಗೆ ಏರ್ಪಡುವ ನವಿರಾದ ಎಳೆಗಳನ್ನು ಇವು ಕಟ್ಟಗೊಡುವುದಿಲ್ಲ. ಬೆಳೆಯುವ ಕೋಶ ಅಲ್ಲಿಯೇ ನಿಲ್ಲುತ್ತದೆ. ಒಂದು ಕಾಲಕ್ಕೆ ರಕ್ತದ ಕ್ಯಾನ್ಸರ್ ಬಂದ ಮಕ್ಕಳು ಬದುಕುವುದೇ ಅಪರೂಪವಾಗಿತ್ತು. ಈಗ ಒಳ್ಳೆಯ ಚಿಕಿತ್ಸೆ ದೊರೆಯುವ ಕಡೆಗಳಲ್ಲಿ, ಮಕ್ಕಳಿಗೆ ಹೆಚ್ಚಾಗಿ ಬರುವ ಬಗೆಯದರಿಂದ, ಬಹುಪಾಲು ಮಕ್ಕಳು ಗುಣಹೊಂದಿ ಶಾಲೆಗೆ ಮರಳುತ್ತಾರೆ. ಅವರಿಗೆ ಕೊಡುವ ಹಲವು ಔಷಧಗಳಲ್ಲಿ ನಮ್ಮ ಅಂಗಳದ ಗಿಡದ್ದೂ ಒಂದು.

ಆ ಔಷಧವನ್ನು ಆಸ್ಪತ್ರೆಯಲ್ಲಿ ಕೊಡುವ ಜಾಗರೂಕತೆಯನ್ನು ಕೇಳಿದರೆ ನೀವು ಬೆರಗಾಗುವಿರಿ. ಮಗುವಿನ ಮೈಯಳತೆಯನ್ನು ಲೆಕ್ಕಹಾಕಿ, ಮಿಲಿಗ್ರಾಮಿನಲ್ಲಿ ಅಳೆದು, ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಅಕಸ್ಮಾತ್ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಪ್ರಾಣಕ್ಕೇ ಸಂಚಕಾರ. ಸರಿಯಾಗಿ ಕೊಟ್ಟಾಗಲೂ ಕೈಕಾಲು ಜೋಮುಗಟ್ಟುವುದುಂಟು. ಎಲೆಯಲ್ಲಿ ಈ ವಸ್ತು ಇರುವುದು ಅತ್ಯಲ್ಪ. ಒಂದು ಗ್ರಾಂ ಪಡೆಯಲು ನೂರಾರು ಕಿಲೋ ಒಣ ಎಲೆ ಬೇಕು. ಆದುದರಿಂದ ನಮ್ಮ ರಾಯರು ನಾಲ್ಕು ಎಲೆ ಅಗಿದು ನಾಳೆಯೇ ಕಾಯಿಲೆ ಬೀಳುವರೆಂದು ನಾನು ಹೇಳುವುದಿಲ್ಲ. ಮುಂದೆ ನಡೆದ ಕೆಲವು ಪ್ರಯೋಗಗಳಲ್ಲಿ ಪ್ರಾಣಿಗಳ ಸಕ್ಕರೆ ಇಳಿದುದೂ ಉಂಟು. ಆದರೆ ಎಷ್ಟು ಎಲೆ, ಎಷ್ಟು ಕಾಲ, ಆಸ್ಪತ್ರೆಯ ಮಾತ್ರೆಯ ಜೊತೆಗೆ ಏನಾದೀತು ಎಂದು ಕೇಳಿದರೆ ಅವರಲ್ಲಿ ಉತ್ತರವಿಲ್ಲ. ಕೇಳುವುದನ್ನೇ ಅವರು ಅಪಶಕುನವೆಂದು ಭಾವಿಸುತ್ತಾರೆ. ನನ್ನ ಜಗಳ ಅಷ್ಟಕ್ಕೆ.

ಕೇಳದಿದ್ದರೆ ಏನಾಗುತ್ತದೆಂಬುದನ್ನು ಉಮ್ಮತ್ತಿಯು ಬೇಗನೆ ತೋರಿಸಿಕೊಡುತ್ತದೆ. ಕೊರೋನ ಜಾಡ್ಯ ಹರಡಿದ್ದ 2020ರ ಏಪ್ರಿಲ್ ತಿಂಗಳಲ್ಲಿ, ನಮ್ಮ ಗಡಿಗೆ ಹೊಂದಿದ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ, ಮೊಬೈಲಿನಲ್ಲಿ ಬಂದ ದೃಶ್ಯವನ್ನು ನಂಬಿ ಉಮ್ಮತ್ತಿಯ ಬೀಜದ ರಸ ಕುಡಿದ ಹಲವರು ಆಸ್ಪತ್ರೆ ಸೇರಿದರು. ಅದರ ಮುಳ್ಳುಕಾಯಿ ಆ ವೈರಾಣುವಿನ ಚಿತ್ರವನ್ನು ಹೋಲುತ್ತದೆಂಬುದೇ ಅವರು ಕಂಡ ತರ್ಕ! ಉಮ್ಮತ್ತಿಯಲ್ಲಿ ಅಟ್ರೋಪಿನ್, ಸ್ಕೋಪೋಲಮಿನ್ ಮೊದಲಾದ ಕ್ಷಾರಾಭಗಳಿವೆ. ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಇಲ್ಲದ್ದು ಕಾಣುತ್ತದೆ. ವಿಷವೇರಿದರೆ ಸಾವೂ ಸಂಭವಿಸಬಹುದು. ಇದೇ ಅಟ್ರೋಪಿನ್ ಆಸ್ಪತ್ರೆಯಲ್ಲಿ ಪ್ರಾಣರಕ್ಷಕ. ಬೆಳೆಗೆ ಹೊಡೆಯುವ ಕೆಲವು ಬಗೆಯ ಕೀಟನಾಶಕಗಳು ಮೈಗೆ ಸೇರಿದವರಿಗೆ ಬಾಯಲ್ಲಿ ನೊರೆ ಬಂದು, ಶ್ವಾಸಕೋಶದಲ್ಲಿ ನೀರೂರಿ, ಎದೆಬಡಿತ ಕುಗ್ಗುತ್ತದೆ. ಆಗ ವೈದ್ಯರು ಅಟ್ರೋಪಿನ್ ಚುಚ್ಚುತ್ತಾರೆ. ನಾಡಿ ಏರುವವರೆಗೆ, ಎದೆಯ ಗೊರಗೊರ ಶಬ್ದ ನಿಲ್ಲುವವರೆಗೆ, ಮತ್ತೆ ಮತ್ತೆ ನೋಡಿ ಚುಚ್ಚುತ್ತಾರೆ. ಮಿತಿಮೀರಿದರೆ ರೋಗಿಯು ಉಮ್ಮತ್ತಿ ತಿಂದವನಂತೆಯೇ ಬಡಬಡಿಸತೊಡಗುತ್ತಾನೆ.

ಪ್ರಾಚೀನರು ಇದನ್ನು ಅರಿಯದವರಲ್ಲ. ಅಳತೆ ತಪ್ಪಿದ ಔಷಧ ವಿಷವಾದೀತೆಂಬ ತಿಳಿವಳಿಕೆ ಚರಕಸಂಹಿತೆಯಲ್ಲಿಯೇ ಇದೆ. ಕಾಸರಕದ ಬೀಜವನ್ನು ಅವರು ಉಪವಿಷಗಳ ಸಾಲಿಗೆ ಸೇರಿಸಿದ್ದರು. ಅದರಲ್ಲಿರುವ ಸ್ಟ್ರಿಕ್ನಿನ್ ನರಗಳ ಕಡಿವಾಣವನ್ನೇ ಕಿತ್ತುಹಾಕುವುದರಿಂದ ಮಾಂಸಖಂಡಗಳು ಸೆಟೆದು ನಿಲ್ಲುತ್ತವೆ. ಈ ಬೀಜವನ್ನು ಗೋಮೂತ್ರದಲ್ಲಿ ನೆನೆಹಾಕಿ, ಹಾಲಿನಲ್ಲಿ ಬೇಯಿಸಿ, ಸಿಪ್ಪೆಯನ್ನೂ ಮೊಳಕೆಯನ್ನೂ ತೆಗೆದು, ತುಪ್ಪದಲ್ಲಿ ಹುರಿದ ಮೇಲೆಯೇ ಬಳಸಬೇಕೆಂದು ವೈದ್ಯಗ್ರಂಥಗಳು ವಿಧಿಸಿವೆ. ಹೀಗೆ ಶುದ್ಧಿಮಾಡಿದ ಬೀಜದಲ್ಲಿ ಸ್ಟ್ರಿಕ್ನಿನ್ ಕಡಮೆಯಾಗುವುದನ್ನು ಇಂದಿನ ಪ್ರಯೋಗಶಾಲೆಗಳು ಅಳೆದು ತೋರಿಸಿವೆ. ತಕ್ಕಡಿ ಇಲ್ಲದ ಕಾಲದಲ್ಲಿಯೂ ಭಯವಿತ್ತು, ವಿಧಿಯಿತ್ತು. ಪೂರ್ವಿಕರ ಹೆಸರನ್ನು ಹೇಳಿ ಮದ್ದು ಮಾರುವವರು ಅವರ ಭಯವನ್ನು ಮಾತ್ರ ಡಬ್ಬಿಯಿಂದ ಹೊರಗೆ ಬಿಟ್ಟರು. ಕಾನೂನು ಅದನ್ನು ಬಿಟ್ಟಿಲ್ಲ. 1945ರ ಔಷಧ ನಿಯಮಗಳ ಒಂದು ಅನುಸೂಚಿಯಲ್ಲಿ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಿದೆ. ಕಾಸರಕ, ಉಮ್ಮತ್ತಿ, ವತ್ಸನಾಭಿ ಅದರಲ್ಲಿ ಸೇರಿವೆ. ಇವನ್ನು ಕೂಡಿಸಿದ, ಹೊಟ್ಟೆಗೆ ಕೊಡುವ ಔಷಧದ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆಯನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಅಚ್ಚುಹಾಕಬೇಕು. ಕನ್ನಡ ಮಾತ್ರ ಬಲ್ಲ ರೋಗಿಗೆ ಅದನ್ನು ಓದಿ ಹೇಳುವವರು ಯಾರೋ!

ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಇಡೀ ಬೇರಿನಲ್ಲಿ ಹಲವು ವಸ್ತುಗಳು ಒಂದನ್ನೊಂದು ಹದದಲ್ಲಿಡುತ್ತವೆ, ಒಂದನ್ನೇ ಬೇರ್ಪಡಿಸಿ ಕೊಡುವುದರಿಂದಲೇ ದೋಷ ಹುಟ್ಟುತ್ತದೆ ಎಂದು ವೈದ್ಯಪಂಡಿತರು ಕೆಲವರು ವಾದಿಸುತ್ತಾರೆ. ಇದರಲ್ಲಿ ಹುರುಳಿರಬಹುದು. ಮೆಣಸು, ಹಿಪ್ಪಲಿ, ಒಣಶುಂಠಿಗಳ ತ್ರಿಕಟುವನ್ನು ನಮ್ಮ ವೈದ್ಯರು ಎಷ್ಟೋ ಔಷಧಗಳಿಗೆ ಕೂಡಿಸುತ್ತಿದ್ದರು. ಮೆಣಸಿನ ಪಿಪರಿನ್ ಬೇರೆ ಔಷಧಗಳು ರಕ್ತಕ್ಕೆ ಸೇರುವುದನ್ನು ಹೆಚ್ಚಿಸುತ್ತದೆಂದು ಜಮ್ಮುವಿನ ಪ್ರಯೋಗಾಲಯದವರು ತೋರಿಸಿದಾಗ ಆ ಪದ್ಧತಿಯ ಒಂದು ಮರ್ಮ ಬಯಲಾಯಿತು. ಕೂಡಿಕೆಗೆ ಬೆಲೆಯಿದೆಯೆಂಬುದು ತಿಳಿದುದೂ ಅಳತೆಯಿಂದಲೇ ಅಲ್ಲವೆ? ಮೇಲಾಗಿ, ಬೇರಿನಲ್ಲಿ ಹದವಿದೆಯೆನ್ನುವವರು ಯಾವ ಬೇರಿನಲ್ಲಿ ಎಂಬುದನ್ನೂ ಹೇಳಬೇಕು. ಮಣ್ಣು, ಋತು, ಗಿಡದ ವಯಸ್ಸು ಬದಲಾದಂತೆ ಕ್ಷಾರಾಭದ ಪ್ರಮಾಣವೂ ಬದಲಾಗುತ್ತದೆ. ಬೇರಿಗಾಗಿ ಗಿಡವನ್ನೇ ಕಿತ್ತು ಕಿತ್ತು ಕಾಡಿನಲ್ಲಿ ಸರ್ಪಗಂಧಿ ವಿರಳವಾಗಿ, 1990ರಲ್ಲಿ ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಒಪ್ಪಂದವೊಂದು ಕಟ್ಟುಪಾಡು ವಿಧಿಸಬೇಕಾಯಿತು. ವಿರಳವಾದ ಬೇರಿನ ಪುಡಿಯಲ್ಲಿ ಬೇರೆಯದನ್ನು ಬೆರೆಸುವವರು ಹುಟ್ಟಿಕೊಳ್ಳುತ್ತಾರೆ, ಪುಡಿಗೆ ಮುಖವಿಲ್ಲ.

ಈಚೆಗೆ ಅನೇಕ ಶಾಲೆಗಳಲ್ಲಿ ಔಷಧಿವನಗಳನ್ನು ಬೆಳೆಸುತ್ತಿದ್ದಾರೆ. ಒಳ್ಳೆಯ ಕೆಲಸ. ಪ್ರತಿಯೊಂದು ಗಿಡದ ಮುಂದೆ ಒಂದು ಫಲಕ, ಫಲಕದಲ್ಲಿ ಗಿಡದ ಹೆಸರು, ಅದರ ಕೆಳಗೆ ಉಪಯೋಗಗಳು. ಕೆಮ್ಮು, ದಮ್ಮು, ಕೀಲುನೋವು, ಸಕ್ಕರೆ ಕಾಯಿಲೆ, ಹೀಗೆ ಸಾಲು ಸಾಲು. ನಾನು ನೋಡಿದ ಫಲಕಗಳಲ್ಲಿ ಎಲ್ಲಿಯೂ, ಇದರ ಯಾವ ಭಾಗ ವಿಷ, ಯಾರು ತಿನ್ನಬಾರದು ಎಂಬ ಸಾಲು ಇರಲಿಲ್ಲ. ನಿಮ್ಮ ಶಾಲೆಯಲ್ಲಿ ಅಂತಹ ವನವಿದ್ದರೆ ಬಣ್ಣದ ಡಬ್ಬಿಯನ್ನು ಹಿಡಿದು ಆ ಸಾಲನ್ನು ನೀವೇ ಸೇರಿಸಬಹುದು. ಬರೆಯುವ ಮೊದಲು ವಿಜ್ಞಾನದ ಅಧ್ಯಾಪಕರನ್ನೂ ಬಲ್ಲ ವೈದ್ಯರನ್ನೂ ಕೇಳಿ. ಆಡುಸೋಗೆಗೆ ಒಂದು ಸಾಲು ಸಾಕು. ಉಮ್ಮತ್ತಿಗೆ ಸ್ವಲ್ಪ ದೊಡ್ಡ ಹಲಗೆ ಬೇಕಾದೀತು.